ಮುಚ್ಚಳದ ಒಳಗಿನ ಹೆಸರು

ಕಿಟಕಿಯ ಎರಡೂ ಬಾಗಿಲು ಹಾಕಿದ್ದವು. ಫ್ಯಾನು ನಿಂತಿತ್ತು. ಪೂಜಿತಾ ಚಿಮಟದ ತುದಿಯಲ್ಲಿ ಒಂದು ಟ್ರಾನ್ಸಿಸ್ಟರನ್ನು ಎತ್ತಿ ಅಳೆಯುವ ಸಾಕೆಟ್ಟಿನಲ್ಲಿ ಕೂರಿಸಿದಳು, ಕೈಯನ್ನು ಹಿಂದಕ್ಕೆ ಎಳೆದುಕೊಂಡು ಕಾದಳು. ಮೀಟರಿನ ಅಂಕಿ ಮೊದಮೊದಲು ಜಾರುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೂ ಐವತ್ತು ಎಣಿಸಬೇಕು. ಎಣಿಸಿದಳು. ಬಿಳಿ ಮಾರ್ಕರಿನಿಂದ ಆ ಅಂಕಿಯನ್ನು ಟ್ರಾನ್ಸಿಸ್ಟರಿನ ಬೆನ್ನ ಮೇಲೆ ಬರೆದು, ಮೊಟ್ಟೆಯ ಟ್ರೇಯ ಒಂದು ಗುಳಿಯಲ್ಲಿ ಇಟ್ಟಳು. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಅದು ಬೀಳುವ ಮೊದಲು ಭುಜಕ್ಕೆ ಒರೆಸಿಕೊಂಡು ಮುಂದಿನದನ್ನು ಎತ್ತಿದಳು.

ಒಂದೇ ಡಬ್ಬಿಯಲ್ಲಿ ಬಂದ ಟ್ರಾನ್ಸಿಸ್ಟರುಗಳು ನೋಡಲು ಒಂದೇ ಥರ ಇದ್ದರೂ ಗುಣದಲ್ಲಿ ಅಕ್ಕತಂಗಿಯರಿದ್ದ ಹಾಗೆ, ಒಬ್ಬಳು ಜೋರು, ಒಬ್ಬಳು ಸಪ್ಪೆ. ಆಂಪ್ಲಿಫೈಯರಿನ ಎಡಗಡೆ ಬಲಗಡೆ ಒಂದೇ ಸಮನಾಗಿ ಹಾಡಬೇಕಾದರೆ ಹೊಂದುವವನ್ನು ಹುಡುಕಿ ಜೋಡಿ ಹಾಕಬೇಕು. ಬೆರಳು ತಾಕಿದರೆ ಸಾಕು, ಆ ಕಾವಿಗೇ ಅಂಕಿ ಸುಳ್ಳು ಹೇಳುತ್ತದೆ. ಗಾಳಿ ಬೀಸಿದರೂ ಅಷ್ಟೆ. ಅದಕ್ಕೇ ಅಂಜನಮೂರ್ತಿಯವರ ವರ್ಕ್‌ಶಾಪಿನಲ್ಲಿ ಜೋಡಿ ಹಾಕುವ ಹೊತ್ತಿಗೆ ಫ್ಯಾನು ಹಾಕುವಂತಿಲ್ಲ, ಮಾತಾಡುವಂತಿಲ್ಲ. ಮುಂದಿನ ಕೋಣೆಯಲ್ಲಿ ಆಂಪಿನ ಪೆಟ್ಟಿಗೆಗೆ ತಗಡು ಬಗ್ಗಿಸುವ ಸೂರ್ಯ ಕೂಡ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದ. ಪೂಜಿತಾ ಕಪಾಟಿನಿಂದ ಮೊಟ್ಟೆಯ ಟ್ರೇ ಇಳಿಸಿದ್ದನ್ನು ಕಂಡರೆ ಸಾಕು, ಅಂಜನಮೂರ್ತಿಯವರೇ ಎದ್ದು ಫ್ಯಾನಿನ ಸ್ವಿಚ್ ಒತ್ತುತ್ತಿದ್ದರು. ಆರು ವರ್ಷದಲ್ಲಿ ಒಂದು ದಿನವೂ ಅವಳು ಬಾಯಿಬಿಟ್ಟು ಕೇಳಿದ್ದಿಲ್ಲ.

ಬಾಯಿಬಿಡುವುದು ಅವಳಿಗೆ ಮೊದಲಿಂದಲೂ ಆಗದ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ‘ಎದ್ದು ನಿಂತು ಓದು’ ಅಂದರೆ ನಿಲ್ಲುತ್ತಿದ್ದಳು, ಮೊದಲ ಪದವೇ ಹೊರಡುತ್ತಿರಲಿಲ್ಲ. ಹುಡುಗಿಯರು ನಗುತ್ತಿದ್ದರು. ಒಂದು ಸೋಮವಾರ ಸ್ಕೂಲಿಗೆ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಅಜ್ಜಿ ಗೋವಿಂದಮ್ಮ ಒಂದಷ್ಟು ದಿನ ಬೈದು, ಕೊನೆಗೆ ಜೋಗುಪಾಳ್ಯದ ತಮ್ಮ ಬೀದಿಯಲ್ಲೇ ಇದ್ದ ಅಂಜನಮೂರ್ತಿಯವರ ವರ್ಕ್‌ಶಾಪಿಗೆ ಕಸ ಗುಡಿಸುವುದಕ್ಕೆ ಸೇರಿಸಿದಳು. ಅಂಜನಮೂರ್ತಿ ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ನಿವೃತ್ತರಾದವರು. ಇಸ್ತ್ರಿ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಇದ್ದ ಅವರ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ವರ್ಷಕ್ಕೆ ಆರೋ ಏಳೋ ಆಂಪ್ ತಯಾರಾಗುತ್ತಿದ್ದವು. ಹೊರಗೆ ಬೋರ್ಡು ಇಲ್ಲ. ಕಾರಿನಲ್ಲಿ ಬರುವವರು ಕೋಳಿ ಅಂಗಡಿಯವನನ್ನು ಕೇಳಿಕೊಂಡು ಬರುತ್ತಿದ್ದರು.

ಗುಡಿಸುವ ಹುಡುಗಿ ಕಸದಲ್ಲಿ ಸಿಕ್ಕಿದ ಸ್ಕ್ರೂಗಳನ್ನು ಅಳತೆವಾರು ಬೇರೆ ಮಾಡಿ ಇಟ್ಟಿದ್ದನ್ನು ಒಂದು ದಿನ ಅಂಜನಮೂರ್ತಿ ನೋಡಿದರು. ಪೊರಕೆ ತೆಗೆದಿಟ್ಟು ಚಿಮಟ ಕೊಟ್ಟರು. ಬೆಸುಗೆ ಹಾಕುವುದನ್ನೂ ಅವಳು ಕಲಿತಳು. ಆಂಪ್ ಮುಗಿದ ಮೇಲೆ ಅವಳನ್ನು ಎರಡು ಸ್ಪೀಕರುಗಳ ಎದುರು ನಡುವಿನ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿ, “ಹೆಂಗೈತೆ ಪೂಜಿ?” ಅನ್ನುತ್ತಿದ್ದರು. ಅವಳು “ಎಡಗಡೆ ಸ್ವಲ್ಪ ಮುಂದಿದೆ ಮಾಮ,” ಅಂತಲೋ, “ಸರಿ ಇದೆ,” ಅಂತಲೋ ಮೂರು ಮಾತು ಹೇಳುತ್ತಿದ್ದಳು. ಆ ಮೂರು ಮಾತಿಗೆ ಅವರು ರಾತ್ರಿಯ ಊಟ ಬಿಟ್ಟು ಮತ್ತೆ ಪೆಟ್ಟಿಗೆ ಬಿಚ್ಚಿದ್ದುಂಟು.

ಕೊನೆಯ ಸ್ಕ್ರೂ ಹಾಕುವ ಮೊದಲು ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರು ಬರೆಯುವುದು ಅಲ್ಲಿಯ ಪದ್ಧತಿ. ಕೊಂಡವರಿಗೆ ಅದು ಕಾಣುವುದಿಲ್ಲ. ಇಲ್ಲಿಯವರೆಗೂ ಬರೆದದ್ದೆಲ್ಲ ‘ಅಂಜನಮೂರ್ತಿ’ ಎಂಬ ಒಂದೇ ಹೆಸರು. ಸಂಕ್ರಾಂತಿಯ ಮಾರನೇ ದಿನ, ಹೊಸ ಮಾಡೆಲಿಗೆ ಬೇಕಾದ ಹದಿನಾರು ಟ್ರಾನ್ಸಿಸ್ಟರುಗಳನ್ನು ಅವಳು ಈ ರೀತಿ ಬೆವರಿಳಿಸಿಕೊಂಡು ಜೋಡಿ ಹಾಕಿ ಮುಗಿಸಿದಾಗ, ಅವರು ಟ್ರೇಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಹೇಳಿದರು: “ಇದರ ಮೊದಲನೇ ಪೀಸಿಗೆ ನಿನ್ನ ಹೆಸರು ಬರ್ದ್ಬಿಡು ಕಣಮ್ಮ.”

ಆವತ್ತು ಮನೆಗೆ ಹೋಗಿ ಅವಳು ಹಳೇ ಪೇಪರಿನ ಅಂಚಿನ ತುಂಬ ತನ್ನ ಹೆಸರನ್ನು ಬರೆದಳು. ‘ಪೂ’ ದೊಡ್ಡದಾಯಿತು ಅನಿಸಿ ಚಿಕ್ಕದು ಮಾಡಿದಳು. ‘ಜಿ’ಯ ಗುಡಿಸು ಚೆನ್ನಾಗಿ ಬರುವವರೆಗೂ ಬರೆದಳು.

ಆದರೆ ಅವರು ಟ್ರೇಯನ್ನು ಅಷ್ಟು ಹತ್ತಿರ ಹಿಡಿದು ನೋಡಿದ್ದು ಸುಮ್ಮನೆ ಅಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೆಬ್ರವರಿಯಲ್ಲಿ ಒಂದಕ್ಕೆ ಆಪರೇಷನ್ ಆಯಿತು, ಮಾರ್ಚಿನಲ್ಲಿ ಇನ್ನೊಂದಕ್ಕೆ. ಬಗ್ಗಬಾರದು, ಸಣ್ಣ ಕೆಲಸ ನೋಡಬಾರದು ಅಂದರು ಡಾಕ್ಟರು. ಹೊಸ ಮಾಡೆಲಿನ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುವುದಕ್ಕೆ ಯಾರಾದರೂ ಬೇಕಿತ್ತು. ಹಾಗೆ ಬಂದವಳು ಶಿವಾನಿ.

ಹುಬ್ಬಳ್ಳಿ ಕಡೆಯವಳು. ಕೃಷ್ಣರಾಜಪುರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ಯಾವುದೋ ಕಂಪನಿಯಲ್ಲಿ ಇದ್ದು, ಆಂಪ್ ಮಾಡುವ ಹುಚ್ಚಿಗೆ ಅದನ್ನು ಬಿಟ್ಟವಳು. ಬಂದ ಮೊದಲ ದಿನವೇ ಮೊಟ್ಟೆ ಟ್ರೇ ನೋಡಿ ಜೋರಾಗಿ ನಕ್ಕಳು. “ಏನ್ ಮಸ್ತ್ ಐಡಿಯಾ ಐತ್ರೀ ಸರ್ ಇದು!” ಅಂದಳು. ಅದು ಪೂಜಿತಾಳ ಐಡಿಯಾ. ಅಂಜನಮೂರ್ತಿ ಅದನ್ನು ಹೇಳುತ್ತಾರೆ ಅಂತ ಪೂಜಿತಾ ಕಾದಳು. ಕಣ್ಣಿಗೆ ಹನಿ ಹಾಕಿಸಿಕೊಂಡು ತಲೆ ಹಿಂದಕ್ಕೆ ಒರಗಿಸಿದ್ದ ಅವರು ಸುಮ್ಮನೆ ನಕ್ಕರು.

ಮಾರ್ಚಿನ ಕೊನೆಗೆ ಶಿವಾನಿ ಅಂಗೈಯಗಲದ ಒಂದು ಬೋರ್ಡು ಮಾಡಿಕೊಂಡು ಬಂದಳು. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಟ್ರಾನ್ಸಿಸ್ಟರ್ ಇಟ್ಟು ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರಲ್ಲಿ ಅಂಕಿ ಬರುತ್ತಿತ್ತು. ಬಿಸಿಯಾಗುವುದಕ್ಕೆ ಸಮಯವೇ ಇಲ್ಲ, ಆದ್ದರಿಂದ ಫ್ಯಾನು ಇದ್ದರೂ ತೊಂದರೆ ಇಲ್ಲ, ಮಾತಾಡಿದರೂ ತೊಂದರೆ ಇಲ್ಲ. ಮಾತಾಡುತ್ತಲೇ ಒಂದು ತಾಸಿನಲ್ಲಿ ಅರವತ್ತು ಅಳೆದು ಮುಗಿಸಿದಳು.

“ಏನ್ ತಂಗಚ್ಚಿ,” ಅಂದ ಸೂರ್ಯ ಬಾಗಿಲಲ್ಲಿ ನಿಂತು, “ನಿನ್ ಚಿಮ್ಟಾಗೆ ರಿಟೈರ್ಮೆಂಟಾ? ನನ್ ಬೀಡಿ ಟೈಮೂ ಹೋಯ್ತಲ್ಲ!”

ಎಲ್ಲರೂ ನಕ್ಕರು. ಪೂಜಿತಾಳೂ ನಕ್ಕಳು. ನಗುತ್ತಲೇ ಚಿಮಟವನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನ ಹಿಂದಿನ ಮೂಲೆಗೆ ತಳ್ಳಿದಳು. 

ಶಿವಾನಿ ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಡಬ್ಬಿಯಲ್ಲಿ ತಂದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಅರ್ಧ ಮಾಡಿ ಕೊಡುತ್ತಿದ್ದಳು. “ನಿಮ್ಮ ಬೆಸುಗೆ ನೋಡಿದ್ರ ಹೊಟ್ಟೆಕಿಚ್ಚು ಬರ್ತದ್ರೀ ಪೂಜಿತಾ, ನಂಗ ಈ ಜನ್ಮದಾಗ ಬರಂಗಿಲ್ಲ,” ಅನ್ನುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು ಅನ್ನುವ ಮಾತು ಎಷ್ಟು ಹಗುರ! ಅಂದು ಮರೆತುಬಿಡುತ್ತಿದ್ದಳು. ಪೂಜಿತಾ ಅವಳ ಗಡಿಯಾರ, ಅವಳ ಉಗುರು, ಬೆತ್ತದ ಕುರ್ಚಿಯಲ್ಲಿ ಅವಳು ಕಾಲು ಮಡಿಸಿ ಕೂರುವ ರೀತಿ ಎಲ್ಲವನ್ನೂ ನೋಡಿ ನೋಡಿ ಒಳಗೆ ತುಂಬಿಕೊಂಡಳು. ಹೌದು, ಆ ಕುರ್ಚಿಗೂ ಈಗ ಶಿವಾನಿ ಬಂದಿದ್ದಳು. “ಹೆಂಗೈತೆ ಶಿವಾನಿ?” ಅಂತ ಅಂಜನಮೂರ್ತಿ ಕೇಳಿದರೆ ಅವಳು ಹತ್ತು ನಿಮಿಷ ಹೇಳುತ್ತಿದ್ದಳು, ಅವರು ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು.

ಮನೆಯಲ್ಲಿ ಗೋವಿಂದಮ್ಮ ಸೊಪ್ಪು ಬಿಡಿಸುತ್ತ ಅಂದಳು: “ಅದ್ಯಾರೇ ಅವ್ಳು? ನಂಟರು ಬಂದ್ರೂ ಬಾಯಿ ಬಿಡ್ದಿರೋಳು ದಿನಾ ಅವಳ ಪುರಾಣ ಒದರ್ತೀಯ. ಲವ್ವೇನೇ?”

“ಸುಮ್ನಿರಜ್ಜಿ.”

“ಇಲ್ದಿದ್ರೆ ಉರೀನಾ?”

ಪೂಜಿತಾ ಸೊಪ್ಪಿನ ಕಡ್ಡಿಗಳನ್ನು ಬಾಚಿಕೊಂಡು ಎದ್ದು ಹೋದಳು.

ಏಪ್ರಿಲ್ ಮೊದಲ ವಾರ ಹೊಸ ಮಾಡೆಲಿನ ಬೋರ್ಡು ತಯಾರಾಗಿ ಬಂತು. ನೋಡಲು ಬಲು ಅಂದ. ತಂತಿಗಳ ಗೋಜಲಿಲ್ಲ, ಎಲ್ಲ ಸಾಲಾಗಿ. ಪೂಜಿತಾ ಜೋಡಿ ಹಾಕಿದ ಹದಿನಾರು ಟ್ರಾನ್ಸಿಸ್ಟರುಗಳೂ, ಬೆನ್ನ ಮೇಲಿನ ಬಿಳಿ ಅಂಕಿಗಳ ಸಮೇತ, ಒಂದೊಂದು ಕಡೆಗೆ ಎಂಟರಂತೆ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕೂತವು. ಬಿಸಿಯನ್ನು ಹೀರಿ ಗಾಳಿಗೆ ಬಿಡುವುದು ಆ ರೆಕ್ಕೆಗಳ ಕೆಲಸ. ಅವುಗಳ ಜೊತೆ ಒಂದು ಚಿಕ್ಕ ಟ್ರಾನ್ಸಿಸ್ಟರೂ ಇರುತ್ತದೆ. ಅದನ್ನು ಅಲ್ಲಿ ಎಲ್ಲರೂ ವಾಚ್‌ಮ್ಯಾನ್ ಅನ್ನುತ್ತಿದ್ದರು. ದೊಡ್ಡವು ಬಿಸಿಯಾದರೆ ಅವುಗಳಿಗೆ ಹರಿಯುವ ಕರೆಂಟನ್ನು ತಗ್ಗಿಸುವುದು ಅದರ ಕೆಲಸ. ತಗ್ಗಿಸದಿದ್ದರೆ ಬಿಸಿಗೆ ಕರೆಂಟು ಹೆಚ್ಚುತ್ತದೆ, ಕರೆಂಟಿಗೆ ಬಿಸಿ ಹೆಚ್ಚುತ್ತದೆ, ಒಂದು ಗಳಿಗೆಯಲ್ಲಿ ಎಲ್ಲವೂ ಭಸ್ಮ.

ಅಂಜನಮೂರ್ತಿ ಯಾವತ್ತೂ ವಾಚ್‌ಮ್ಯಾನನ್ನು ನಟ್ಟನಡುವೆ, ದೊಡ್ಡವುಗಳ ಮಧ್ಯೆ ಕೂರಿಸುತ್ತಿದ್ದರು. ಶಿವಾನಿ ಬೋರ್ಡು ಅಚ್ಚುಕಟ್ಟಾಗಲಿ ಅಂತ ಅದನ್ನು ರೆಕ್ಕೆಯ ತುದಿಗೆ ತಂದಿದ್ದಳು. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಇಡೀ ರೆಕ್ಕೆಯದು ಒಂದೇ ಬಿಸಿ. ಪೂಜಿತಾಳ ಬೆರಳಿನ ಲೆಕ್ಕ ಬೇರೆ. ರೆಕ್ಕೆ ಮೊದಲು ಕಾಯುವುದು ನಡುವೆ, ತುದಿಗೆ ಆ ಕಾವು ಬರುವುದು ಎಷ್ಟೋ ಹೊತ್ತಿನ ಮೇಲೆ. ಬೋರ್ಡನ್ನು ನೋಡಿದ ಕ್ಷಣವೇ ಅವಳ ಕಣ್ಣು ಆ ತುದಿಯಲ್ಲಿ ನಿಂತುಬಿಟ್ಟಿತು.

ಶಿವಾನಿ ಅದನ್ನು ಗಮನಿಸಿದಳು. “ಏನರ ತಪ್ಪು ಕಾಣಾಕ್ಹತ್ತೇತೇನ್ರಿ ಪೂಜಿತಾ? ಇದ್ರ ಈಗಲೇ ಹೇಳಿಬಿಡ್ರಿ. ನೀವು ನನಗಿಂತ ಭಾಳ ನೋಡೀರಿ.”

ಹೇಳುವುದಕ್ಕೆ ನಾಲ್ಕು ಪದ ಸಾಕಿತ್ತು. ಪೂಜಿತಾ ತಲೆ ಅಲ್ಲಾಡಿಸಿದಳು.

“ಏನಿಲ್ಲ.”

ನಾಚಿಕೆಯ ಹುಡುಗಿ, ಮಾತು ಕಡಿಮೆ ಅಂತ ಎಲ್ಲರಿಗೂ ಗೊತ್ತಲ್ಲ. ಆ ಒಂದು ಮಾತನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಸೆಕೆ ಜೋರಿತ್ತು. ಶಿವಾನಿ ಆಂಪಿನ ಮುಚ್ಚಳ ತೆಗೆದಿಟ್ಟು, ನೆತ್ತಿಯ ಮೇಲೆ ಫ್ಯಾನು ಹಾಕಿಕೊಂಡು, ಎಂಟು ತಾಸು ಓಡಿಸಿ ನೋಡಿದಳು. ಆ ಗಾಳಿಗೆ ನಡುವೂ ತಂಪು, ತುದಿಯೂ ತಂಪು. ಏನೂ ಆಗಲಿಲ್ಲ. ಇಂದಿರಾನಗರದ ಮಧುಕರ್ ಎಂಬ ಹಲ್ಲಿನ ಡಾಕ್ಟರಿಗೆ ಭಾನುವಾರ ಆಂಪ್ ತಲುಪಿಸಬೇಕಿತ್ತು. ಶನಿವಾರ ಸಂಜೆ ಅಂಜನಮೂರ್ತಿ ಕಪ್ಪು ಕನ್ನಡಕ ಹಾಕಿಕೊಂಡು ಮಹಡಿಯಿಂದ ಮೆಟ್ಟಿಲು ತಡವುತ್ತ ಇಳಿದು ಬಂದರು.

“ಚೆನ್ನಾಗಿ ಓಡ್ಸಿ ನೋಡಿದ್ರೇನಮ್ಮ?”

“ಎಂಟ್ ತಾಸ್ ಓಡಿಸೇನ್ರಿ ಸರ್. ಚಹಾ ಕಪ್ಪಿನಷ್ಟೂ ಬಿಸಿ ಆಗಲಿಲ್ಲ.”

ಮುಚ್ಚಳ ಹಾಕಿ ಓಡಿಸಿದ್ದಾ ಅಂತ ಅವರು ಕೇಳಲಿಲ್ಲ. ಯಾವತ್ತೂ ಕೇಳುವ ಪ್ರಶ್ನೆ ಇದಲ್ಲ, ಯಾಕೆಂದರೆ ಆ ಕೆಲಸವನ್ನು ಯಾವತ್ತೂ ಅವರೇ ಮಾಡುತ್ತಿದ್ದರು. ಫ್ಯಾನು ನಿಲ್ಲಿಸಿ, ಮುಚ್ಚಳ ಹಾಕಿ, ಎರಡು ಗಂಟೆ ಪಕ್ಕದಲ್ಲಿ ಕೂತು, ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಪೂಜಿತಾ ಪೆನ್ಸಿಲಿನ ತುದಿ ಹೆರೆಯುತ್ತ ಮೂಲೆಯಲ್ಲಿ ನಿಂತಿದ್ದಳು. ಈಗ ನನ್ನನ್ನು ಕರೆಯುತ್ತಾರೆ. ಕರೆದರೆ ಹೇಳಿಬಿಡುತ್ತೇನೆ. ಹಾಗಂತ ಮನಸ್ಸಿನಲ್ಲೇ ಕರಾರು ಮಾಡಿಕೊಂಡಳು.

“ಪೂಜಿ, ಆ ಪೆನ್ಸಿಲ್ ಕೊಡು,” ಅಂದರು. ಇಸಿದುಕೊಂಡು ಶಿವಾನಿಯ ಕೈಗೆ ಇಟ್ಟರು. “ಬರಿಯಮ್ಮ. ನೀನು ಇಲ್ದಿದ್ರೆ ಇದು ಆಗ್ತಿರ್ಲಿಲ್ಲ.”

“ನಾನೊಬ್ಬಾಕಿನೇ ಮಾಡಿಲ್ರಿ ಸರ್...”

“ಮೊದ್ಲು ನೀನು ಬರಿ. ಪೂಜಿ ಎಲ್ಲಿ ಹೋಗ್ತಾಳೆ, ಮನೆ ಮಗಳು. ಮುಂದಿನದಕ್ಕೆ ಬರ್ದ್ರಾಯ್ತು.”

ಮುಚ್ಚಳದ ಒಳಬದಿಯಲ್ಲಿ ‘ಶಿವಾನಿ’ ಎಂದು ಬಿತ್ತು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ. ಪೂಜಿತಾ ಕೊನೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದಳು.

ಭಾನುವಾರ ಬೆಳಿಗ್ಗೆ ಸೂರ್ಯನ ಓಮ್ನಿಯಲ್ಲಿ ಆಂಪ್ ಹೊರಟಿತು. ಮೂವತ್ತೆಂಟು ಕಿಲೋ. ಮಧುಕರ್ ಅವರ ಮನೆಯ ಎರಡನೇ ಮಹಡಿಗೆ ಸೂರ್ಯ ಅದನ್ನು ಏದುಸಿರು ಬಿಡುತ್ತ ಹೊತ್ತು ತಂದ. ಡಾಕ್ಟರು ಅದಕ್ಕೆಂದೇ ತೇಗದ ಕಪಾಟು ಮಾಡಿಸಿದ್ದರು. ಮೂರು ಕಡೆ ಮುಚ್ಚಿದ್ದು, ಮುಂದೆ ಮಾತ್ರ ತೆರೆದದ್ದು. ಆಂಪ್ ಅದರೊಳಗೆ ಅಳತೆ ಹೊಲಿದ ಹಾಗೆ ಕೂತಿತು.

ಎಲ್ಲರೂ ಸೋಫಾದಲ್ಲಿ ಕೂತರು. ಪೂಜಿತಾ ಮಾತ್ರ ಕಪಾಟಿನ ಪಕ್ಕದ ಗಿಡ್ಡ ಬೆತ್ತದ ಮೋಡಾದ ಮೇಲೆ, ಗೋಡೆಯ ಸ್ವಿಚ್ ಬೋರ್ಡಿಗೆ ಒರಗಿಕೊಂಡು ಕೂತಳು.

ವೀಣೆ ಶುರುವಾಯಿತು. ಕೋಣೆಯ ನಡುವೆ ಯಾರೋ ಬಂದು ಕೂತ ಹಾಗಿತ್ತು. ತಂತಿಯ ಮೇಲೆ ಬೆರಳು ಜರುಗುವ ಸದ್ದು, ನುಡಿಸುವವಳ ಉಸಿರು, ಎಲ್ಲವೂ ಕೇಳುತ್ತಿದ್ದವು. ಡಾಕ್ಟರು ಕಣ್ಣೊರೆಸಿಕೊಂಡರು. “ಏನಮ್ಮ ಇದು, ಇಷ್ಟು ವರ್ಷ ಈ ರೆಕಾರ್ಡು ಕೇಳೇ ಇಲ್ವಲ್ಲ ನಾನು!” ಅಂದರು ಶಿವಾನಿಗೆ. ಅಂಜನಮೂರ್ತಿ ಕಪ್ಪು ಕನ್ನಡಕದ ಹಿಂದೆ ಹೆಮ್ಮೆಯಿಂದ ಅರಳಿದ್ದರು. ಅವರ ಕೈ ಶಿವಾನಿಯ ತಲೆಯನ್ನು ಒಮ್ಮೆ ಸವರಿತು.

ಆ ಕೈಯನ್ನು ಪೂಜಿತಾ ನೋಡಿದಳು. ಆಗಲಿ, ಸುಟ್ಟುಹೋಗಲಿ, ಅಂದುಕೊಂಡಳು. ಎಲ್ಲರ ಎದುರಿಗೇ ಹೊಗೆ ಬರಲಿ. ಆ ನಗುವ ಬಾಯಿ ಮುಚ್ಚಿಹೋಗುವುದನ್ನು ನಾನು ಇಲ್ಲಿಂದಲೇ ನೋಡಬೇಕು.

ಅರ್ಧ ಗಂಟೆ ಕಳೆಯಿತು. ಅವಳು ಯಾರಿಗೂ ಕಾಣದ ಹಾಗೆ ಕಪಾಟಿನೊಳಗೆ ಕೈ ಇಳಿಸಿ, ಪೆಟ್ಟಿಗೆಯಿಂದ ಹೊರಚಾಚಿದ್ದ ರೆಕ್ಕೆಯ ನಡುವೆ ಬೆರಳಿಟ್ಟಳು. ಮೂರು ಎಣಿಸುವಷ್ಟು ಇಡಲಾಯಿತು. ಇನ್ನೊಂದು ಹಾಡಿನ ಮೇಲೆ ಮತ್ತೆ ಇಟ್ಟಳು. ಒಂದು ಎಣಿಸುವಷ್ಟೂ ಆಗಲಿಲ್ಲ. ತುದಿಯನ್ನು ಮುಟ್ಟಿದಳು. ಆರಿದ ಕಾಫಿ ಲೋಟದಷ್ಟು ಬಿಸಿ. ವಾಚ್‌ಮ್ಯಾನ್ ಅಲ್ಲಿ ತಣ್ಣಗೆ ನಿದ್ದೆ ಹೊಡೆಯುತ್ತಿದ್ದ.

ಬೆರಳನ್ನು ಬಾಯಿಗಿಟ್ಟುಕೊಂಡಳು. ಒಳಗೆ ಸಾಲಾಗಿ ಕೂತಿದ್ದ ಹದಿನಾರು ಟ್ರಾನ್ಸಿಸ್ಟರುಗಳು ಕಣ್ಣಿಗೆ ಕಟ್ಟಿದವು. ನೂರಾ ಹನ್ನೆರಡು, ನೂರಾ ಹನ್ನೆರಡು. ನೂರಾ ಹದಿನಾಲ್ಕು, ನೂರಾ ಹದಿನಾಲ್ಕು. ಎಲ್ಲವೂ ಅವಳ ಕೈಬರಹ. ಫ್ಯಾನಿಲ್ಲದೆ ಬೆವರಿಳಿಸಿದ ಮೂರು ಮಧ್ಯಾಹ್ನಗಳು. ಸುಡುವುದು ಮುಚ್ಚಳದ ಒಳಗಿನ ಹೆಸರಲ್ಲ, ಇವು.

ವೀಣೆ ಇನ್ನೂ ಶುದ್ಧವಾಗಿ ನುಡಿಯುತ್ತಿತ್ತು. ಯಾವ ವಾಸನೆಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಪೂಜಿತಾ ತಿರುಗಿ ಪ್ಲಗ್ಗನ್ನು ಹಿಡಿದು ಗೋಡೆಯಿಂದ ಕಿತ್ತಳು.

ಹಾಡು ಬಗ್ಗಿ ಕರಗಿ ನಿಂತುಹೋಯಿತು.

“ಏನಾಯ್ತು?” ಅಂದರು ಡಾಕ್ಟರು.

“ಬಿಸಿ,” ಅಂದಳು ಪೂಜಿತಾ.

ಶಿವಾನಿ ಎದ್ದು ಓಡಿ ಬಂದು ಮುಟ್ಟಿ, ಅಯ್ಯೋ ಎಂದು ಕೈ ಕೊಡವಿದಳು. ಸೂರ್ಯ ಬಟ್ಟೆ ಸುತ್ತಿಕೊಂಡು ಆಂಪನ್ನು ಹೊರಗೆಳೆದು ಮುಚ್ಚಳ ಬಿಚ್ಚಿದ. ಅಂಜನಮೂರ್ತಿ ನೆಲದ ಮೇಲೆ ಕೂತು, ಬಗ್ಗಬಾರದು ಅಂದಿದ್ದರೂ ಬಗ್ಗಿ, ನಡುವಿನದನ್ನು ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡರು. ಆಮೇಲೆ ಬೆರಳು ರೆಕ್ಕೆಯ ಅಂಚು ಹಿಡಿದು ತಡವುತ್ತ ತುದಿಯ ವಾಚ್‌ಮ್ಯಾನಿನ ಹತ್ತಿರ ಹೋಗಿ ನಿಂತಿತು. ಅಲ್ಲೇ ಬಹಳ ಹೊತ್ತು ಇತ್ತು.

“ಇನ್ನೈದು ನಿಮಿಷ ಆಗಿದ್ರೆ ಡಾಕ್ಟ್ರ ಸ್ಪೀಕರೂ ಹೋಗ್ತಿತ್ತು,” ಅಂದರು. “ಬದುಕಿದ್ವಿ. ಒಳ್ಳೇ ಕೆಲಸ ಮಾಡ್ದೆ ಪೂಜಿ.”

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವರು ತಲೆ ಎತ್ತಿ ಮೋಡಾವನ್ನು ನೋಡಿದರು, ಅದರ ಹಿಂದಿನ ಸ್ವಿಚ್ ಬೋರ್ಡನ್ನು ನೋಡಿದರು, ಬೊಬ್ಬೆ ಎದ್ದಿದ್ದ ಅವಳ ಬೆರಳನ್ನು ನೋಡಿದರು. ಹೊಸ ಕಣ್ಣು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತೇನೋ.

“ನೀನು ಬಂದಾಗಿಂದ ಅಲ್ಲೇ ಕೂತಿದ್ದೀಯಲ್ಲಮ್ಮ.”

ಅವಳು ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ಇದನ್ನ ಯಾವತ್ತು ನೋಡ್ದೆ?”

ಸುಳ್ಳು ಹೇಳುವುದಕ್ಕೂ ಬಾಯಿ ಬೇಕು. “ಬೋರ್ಡ್ ಬಂದ ದಿನ ಮಾಮ,” ಅಂದಳು.

“ನಾ ಕೇಳಿದ್ನಲ್ರಿ,” ಅಂದಳು ಶಿವಾನಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. “ನಾ ಬಾಯಿಬಿಟ್ಟು ಕೇಳಿದ್ನಲ್ರಿ ನಿಮ್ಮನ್ನ.”

ವಾಪಸ್ ಬರುವಾಗ ಓಮ್ನಿಯಲ್ಲಿ ಸೂರ್ಯನೂ ತಮಾಷೆ ಮಾಡಲಿಲ್ಲ. ಹಲಸೂರು ಕೆರೆಯ ಪಕ್ಕದ ಸಿಗ್ನಲ್ಲಿನಲ್ಲಿ ಒಬ್ಬ ಮಲ್ಲಿಗೆ ಹೂವನ್ನು ಕಿಟಕಿಗೆ ಹಿಡಿದ, ಯಾರೂ ಬೇಡ ಅಂತಲೂ ಹೇಳಲಿಲ್ಲ.

ಸೋಮವಾರ ಪೂಜಿತಾ ಎಂದಿನಂತೆ ಒಂಬತ್ತಕ್ಕೆ ಹೋದಳು. ಬೈಯುತ್ತಾರೆ ಅಂತ ತಯಾರಾಗಿ ಹೋಗಿದ್ದಳು. ಬರಬೇಡ ಅಂದರೂ ಅಂದಾರು. ಯಾರೂ ಏನೂ ಅನ್ನಲಿಲ್ಲ. ಶಿವಾನಿ ಲ್ಯಾಪ್‌ಟಾಪಿನಲ್ಲಿ ವಾಚ್‌ಮ್ಯಾನನ್ನು ನಡುವಿಗೆ ತಂದು ಬೋರ್ಡನ್ನು ಮತ್ತೆ ಬರೆಯುತ್ತಿದ್ದಳು. ಅಂಜನಮೂರ್ತಿ ಅವಳ ಹಿಂದೆ, ಫ್ಯಾನಿನ ಸ್ವಿಚ್ಚಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಬಿಚ್ಚಿದ ಮುಚ್ಚಳ ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ‘ಶಿವಾನಿ’ ಎಂಬ ಹೆಸರನ್ನು ರಬ್ಬರಿನಿಂದ ಉಜ್ಜಿ ತೆಗೆದಾಗಿತ್ತು. ಉಜ್ಜಿದವಳು ಶಿವಾನಿಯೇ ಇರಬೇಕು. ರಬ್ಬರಿನ ಚೂರುಗಳು ಅವಳ ಕೀಬೋರ್ಡಿನ ಮೇಲೂ ಬಿದ್ದಿದ್ದವು. ಪೆನ್ಸಿಲು ಪಕ್ಕದಲ್ಲೇ ಇತ್ತು. ಆ ಜಾಗ ಖಾಲಿಯಾಗಿ ಹೊಳೆಯುತ್ತಿತ್ತು. ಬರಿ ಅಂತ ಯಾರೂ ಯಾರಿಗೂ ಹೇಳಲಿಲ್ಲ.

ಅಷ್ಟು ಕಾದ ಟ್ರಾನ್ಸಿಸ್ಟರುಗಳ ಗುಣ ಬದಲಾಗಿರುತ್ತದೆ. ಹದಿನಾರನ್ನೂ ಬಿಚ್ಚಿ ಮತ್ತೆ ಅಳೆಯಬೇಕು, ಕೆಟ್ಟವನ್ನು ತೆಗೆದು ಹೊಸ ಜೋಡಿ ಹುಡುಕಬೇಕು. ಶಿವಾನಿಯ ಅಂಗೈಯಗಲದ ಬೋರ್ಡು ಮೇಜಿನ ಮೇಲೇ ಇತ್ತು. ಪೂಜಿತಾ ಅದನ್ನು ಮುಟ್ಟಲಿಲ್ಲ. ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟಳು. ಡ್ರಾಯರಿನ ಮೂಲೆಯಿಂದ ಬಟ್ಟೆ ಸುತ್ತಿದ ಚಿಮಟ ತೆಗೆದಳು. ಕಪಾಟಿನಿಂದ ಮೊಟ್ಟೆಯ ಟ್ರೇಯನ್ನು ಇಳಿಸಿದಳು, ಬೇಕೆಂದೇ ಸ್ವಲ್ಪ ಸದ್ದು ಮಾಡಿ.

ಅಂಜನಮೂರ್ತಿ ಏಳಲಿಲ್ಲ. ಮುಂದಿನ ಕೋಣೆಯಲ್ಲಿ ಸೂರ್ಯನ ಸುತ್ತಿಗೆ ತಗಡಿನ ಮೇಲೆ ಬೀಳುತ್ತಲೇ ಇತ್ತು.

ಮೊದಲನೆಯದನ್ನು ಸಾಕೆಟ್ಟಿನಲ್ಲಿ ಕೂರಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಂಕಿ ಜಾರಿತು, ಮತ್ತೆ ಜಾರಿತು, ಮೇಲೆ ಹೋಯಿತು, ಕೆಳಗೆ ಬಂತು. ಐವತ್ತು ಎಣಿಸಿದಳು. ನೂರು ಎಣಿಸಿದಳು. ಗಾಳಿಗೆ ಅದು ನಿಲ್ಲುತ್ತಿರಲಿಲ್ಲ.

“ಫ್ಯಾನು,” ಅಂದಳು. ತನಗೇ ಕೇಳಿಸಲಿಲ್ಲ ಅನಿಸಿತು. ಶಿವಾನಿಯ ಬೆರಳು ಕೀಬೋರ್ಡಿನ ಮೇಲೆ ಓಡುತ್ತಿತ್ತು. ಅಂಜನಮೂರ್ತಿ ಪರದೆಯ ಕಡೆಗೆ ಇನ್ನಷ್ಟು ಬಾಗಿದರು.

ಪೂಜಿತಾ ಚಿಮಟವನ್ನು ಕೆಳಗಿಟ್ಟು ಎದ್ದು ನಿಂತಳು, ಒಂಬತ್ತನೇ ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆ. ಆ ಕೋಣೆಯಲ್ಲಿ ಅಷ್ಟು ಜೋರಾಗಿ ಅವಳು ಯಾವತ್ತೂ ಮಾತಾಡಿದ್ದಿಲ್ಲ.

“ಮಾಮ, ಫ್ಯಾನ್ ಆಫ್ ಮಾಡ್ತೀರಾ?”